ದಸರಾ ರಜೆಯ ನಂತರದ ಶಾಲೆ

(ಪ್ರೌಢಶಾಲೆಯೊಂದರಲ್ಲಿ ಎರಡನೆಯ ಅವಧಿಯ ಆರಂಭದಲ್ಲಿ ಜರಗಿದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಸಭೆಗೆ ನನ್ನನ್ನು ಆಹ್ವಾನಿಸಲು ಬಂದಿದ್ದ ಅಧ್ಯಾಪಕರೊಡನೆ, ನಾನು ಯಾವ ವಿಷಯದ ಬಗ್ಗೆ ಮಾತನಾಡಲಿ ಎಂದು ಕೇಳಿದ್ದೆ. ಅವರು ನಗುತ್ತಾ ಹೇಳಿದರು: "ದಸರಾ ರಜೆ ಮುಗಿದು ಶಾಲೆ ತೆರೆದೊಡನೆ ಪೋಷಕರಿಂದ ಒಂದೇ ದೂರು ಬರುತ್ತದೆ. ಇಂದು ಕ್ರೀಡಾಕೂಟ, ನಾಳೆ ಪ್ರತಿಭಾ ಕಾರಂಜಿ, ನಾಡಿದ್ದು ಪ್ರವಾಸ. ಹಾಗಾದರೆ ಪಾಠ ಯಾವಾಗ? ನಾವು ಉತ್ತರಿಸಿದರೆ ನಮ್ಮನ್ನು ನಾವೇ ಸಮರ್ಥಿಸಿಕೊಂಡಂತಾಗುತ್ತದೆ. ನೀವು ಹೊರಗಿನವರು, ನೀವೇ ಉತ್ತರಿಸಿ."

ಪಾಠ ಯಾವಾಗ ಎಂಬ ಈ ಪ್ರಶ್ನೆಯನ್ನು ನಾನು ಹಗುರವಾಗಿ ಪರಿಗಣಿಸುವುದಿಲ್ಲ. ದಿನವಿಡೀ ಅಂಗಡಿಯಲ್ಲಿ ನಿಂತು, ಆಟೋ ಓಡಿಸಿ, ಹೊಲಿಗೆ ಯಂತ್ರ ತುಳಿದು ಮಗುವಿನ ಶುಲ್ಕ ಕಟ್ಟುವ ತಂದೆ ತಾಯಂದಿರಿಗೆ ಈ ಪ್ರಶ್ನೆ ಕೇಳುವ ಸಂಪೂರ್ಣ ಹಕ್ಕಿದೆ. ಆದರೆ ಈ ಪ್ರಶ್ನೆಯೊಳಗೆ ಒಂದು ತಪ್ಪು ಗ್ರಹಿಕೆಯೂ ಅಡಗಿದೆ. ಕರಿಹಲಗೆಯ ಮುಂದೆ ನಡೆಯುವುದು ಮಾತ್ರ ಪಾಠ, ಉಳಿದದ್ದೆಲ್ಲ ಕಾಲಹರಣ ಎಂಬುದೇ ಆ ತಪ್ಪು ಗ್ರಹಿಕೆ. ಇಂದು ನಾನು ಅದರ ಬಗ್ಗೆಯೇ ಮಾತನಾಡಬಯಸುತ್ತೇನೆ.

ಮೊದಲು ನಮ್ಮ ಶಾಲಾ ವರ್ಷದ ರಚನೆಯನ್ನು ಗಮನಿಸೋಣ. ನಮ್ಮ ರಾಜ್ಯದಲ್ಲಿ ಶಾಲೆಗಳು ಮೇ ತಿಂಗಳ ಕೊನೆಗೆ ಅಥವಾ ಜೂನ್ ಆರಂಭಕ್ಕೆ ತೆರೆಯುತ್ತವೆ. ಆಗ ಮಳೆಗಾಲ. ಅಂಗಳದಲ್ಲಿ ನೀರು, ಮೈದಾನದಲ್ಲಿ ಕೆಸರು. ಜನವರಿ ಕಳೆಯಿತೆಂದರೆ ಪರೀಕ್ಷೆಯ ಸಿದ್ಧತೆ. ಹತ್ತನೆಯ ತರಗತಿಯ ಮಕ್ಕಳಿಗಂತೂ ಪೂರ್ವಸಿದ್ಧತಾ ಪರೀಕ್ಷೆಗಳ ಸರಮಾಲೆ. ಇವೆರಡರ ನಡುವೆ, ಮಳೆ ನಿಂತು ಮೈದಾನ ಒಣಗಿ, ಪರೀಕ್ಷೆಯ ಭಯ ಇನ್ನೂ ಆವರಿಸಿರದ ಕಾಲವೆಂದರೆ ದಸರಾ ರಜೆಯಿಂದ ಡಿಸೆಂಬರ್ ಕೊನೆಯವರೆಗಿನ ಕೆಲವು ವಾರಗಳು ಮಾತ್ರ. ಆದ್ದರಿಂದಲೇ ಓಟ, ಆಟ, ಪ್ರವಾಸ, ವಾರ್ಷಿಕೋತ್ಸವ, ವಿಜ್ಞಾನ ವಸ್ತುಪ್ರದರ್ಶನಗಳೆಲ್ಲ ಹೆಚ್ಚಾಗಿ ಈ ವಾರಗಳಲ್ಲೇ ಬಂದು ಸೇರುತ್ತವೆ. ಇದು ಅಧ್ಯಾಪಕರ ಸೋಮಾರಿತನವಲ್ಲ, ಋತುಮಾನದ ಲೆಕ್ಕಾಚಾರ. ಈ ವಾರಗಳಲ್ಲಿ ಮಗುವಿಗೆ ದಕ್ಕದ್ದು ಆ ವರ್ಷ ಮತ್ತೆ ದಕ್ಕುವುದು ಕಷ್ಟ.

ಹಾಗೆಂದು ಪಾಠದ ದಿನಗಳು ಕಡಿಮೆಯಾಗಬಾರದು ಎಂಬುದೂ ನಿಜ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟನೆಯ ತರಗತಿಗೆ 220 ದಿನ ಶಾಲೆ ನಡೆಯಬೇಕೆಂದು ವಿಧಿಸಿದೆ. ಆದರೆ ಅದೇ ಕಾಯ್ದೆಯು ಮಗುವಿನ ಸರ್ವತೋಮುಖ ಬೆಳವಣಿಗೆಯನ್ನೂ, ಚಟುವಟಿಕೆಯ ಮೂಲಕ ಕಲಿಯುವುದನ್ನೂ ಶಿಕ್ಷಣದ ಭಾಗವೆಂದೇ ಹೇಳುತ್ತದೆ. ಶಾಲೆಗೆ ಆಟದ ಮೈದಾನವೂ ಗ್ರಂಥಾಲಯವೂ ಇರಬೇಕೆನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಪುಸ್ತಕದ ಚೀಲವಿಲ್ಲದ ಹತ್ತು ದಿನಗಳಿರಲಿ, ಆ ದಿನಗಳಲ್ಲಿ ಅವರು ಬಡಗಿ, ತೋಟಗಾರ, ಕುಂಬಾರ ಮುಂತಾದ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಲಿ ಎಂದು ಸೂಚಿಸಿತು. ಸರಕಾರಗಳ ನೀತಿಗಳ ಬಗ್ಗೆ ನಮಗೆ ಹಲವು ಭಿನ್ನಾಭಿಪ್ರಾಯಗಳಿರಬಹುದು. ಆದರೆ ಮಗು ಪುಸ್ತಕದಿಂದ ಮಾತ್ರ ಕಲಿಯುವುದಿಲ್ಲ ಎಂಬ ವಿಚಾರದಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ.

ಬಂಧುಗಳೇ, ಇಲ್ಲಿ ನಾನು ನನ್ನ ಮನೆಯದೇ ಒಂದು ಘಟನೆಯನ್ನು ಹೇಳಬೇಕಾಗಿದೆ.

ನಾನು ಓದಿದ ಮದ್ರಸಾದಲ್ಲಿ ಪ್ರತಿ ಗುರುವಾರ ರಾತ್ರಿ ಇಶಾ ನಮಾಝಿನ ಬಳಿಕ ಅಂಜುಮನ್ ಸೇರುತ್ತಿತ್ತು. ವಿದ್ಯಾರ್ಥಿಗಳಲ್ಲೇ ಒಬ್ಬ ಅಧ್ಯಕ್ಷ, ಒಬ್ಬ ನಿರೂಪಕ. ಕಿರಾಅತ್, ನಾತ್, ಬಳಿಕ ಐದೈದು ನಿಮಿಷಗಳ ಭಾಷಣ. ಸರದಿ ಬಂದವನು ಎದ್ದು ನಿಲ್ಲಲೇಬೇಕು. ಮೊದಲ ಸಲ ನಿಂತಾಗ ನನ್ನ ಮೊಣಕಾಲುಗಳು ನಡುಗಿದ್ದವು. ಬಾಯಿಪಾಠ ಮಾಡಿದ್ದ ಮೂರು ವಾಕ್ಯಗಳ ಬಳಿಕ ಒಂದು ಶಬ್ದವೂ ಹೊರಡಲಿಲ್ಲ. ಉಸ್ತಾದರು ಬೈಯಲಿಲ್ಲ. "ಮುಂದಿನ ತಿಂಗಳು ನಾಲ್ಕನೆಯ ವಾಕ್ಯದಿಂದ ಆರಂಭಿಸು" ಎಂದರು. ಇಂದು ನಾನು ನಿಮ್ಮ ಮುಂದೆ ನಿಂತು ಮಾತನಾಡುತ್ತಿದ್ದೇನೆಂದರೆ ಅದಕ್ಕೆ ಆ ಗುರುವಾರಗಳೇ ಕಾರಣ. ಆ ಗುರುವಾರಗಳನ್ನು ಕಾಲಹರಣವೆಂದು ನನ್ನ ತಂದೆ ಒಂದು ದಿನವೂ ಹೇಳಿದವರಲ್ಲ.

ಅದೇ ಕಾಲದಲ್ಲಿ ನನ್ನ ತಂಗಿ ಊರಿನ ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದಳು. ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಅವಳಿಗೆ ಪ್ರಥಮ ಸ್ಥಾನ ಬಂತು. ಮುಂದಿನ ಹಂತ ತಾಲೂಕು ಕೇಂದ್ರದಲ್ಲಿ. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಶಾಲೆಯಿಂದ ಒಂದು ಒಪ್ಪಿಗೆ ಚೀಟಿ ಬಂತು. ತಂದೆ ಅದನ್ನು ಓದಿ ಮಡಚಿ, ಅಂಗಡಿಯ ಲೆಕ್ಕದ ಪುಸ್ತಕದೊಳಗೆ ಇಟ್ಟರು. ಬೇಡ ಎಂದೂ ಹೇಳಲಿಲ್ಲ, ಆಗಲಿ ಎಂದೂ ಹೇಳಲಿಲ್ಲ. ಜೊತೆಗೆ ಯಾರು ಹೋಗುವುದು, ಮರಳುವಾಗ ಕತ್ತಲಾದರೆ ಏನು ಗತಿ ಎಂಬುದು ಅವರ ಚಿಂತೆಯಾಗಿತ್ತು. ಆ ಚಿಂತೆಯನ್ನು ಅವರು ಯಾರೊಂದಿಗೂ ಹಂಚಿಕೊಳ್ಳಲಿಲ್ಲ. ಶಾಲೆಯವರು ಕೂಡಾ ವಿಚಾರಿಸಲಿಲ್ಲ. ಸ್ಪರ್ಧೆಯ ದಿನ ಕಳೆದುಹೋಯಿತು. ತಂಗಿ ಅಳಲೂ ಇಲ್ಲ, ಜಗಳವಾಡಲೂ ಇಲ್ಲ. ಆದರೆ ಆ ಬಳಿಕ ತರಗತಿಯಲ್ಲಿ ಅವಳು ಕೈ ಎತ್ತುವುದನ್ನು ನಿಲ್ಲಿಸಿದಳು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಮುಂದೆ ಓದುವೆಯಾ ಎಂದು ಕೇಳಿದಾಗ, "ನೀವು ಹೇಳಿದಂತೆ" ಎಂದಳು. ಅದನ್ನು ಮನೆಯವರು ವಿಧೇಯತೆ ಎಂದುಕೊಂಡರು. ಅವಳ ಓದು ಅಲ್ಲಿಗೇ ನಿಂತಿತು.

ಎಷ್ಟೋ ವರ್ಷಗಳ ಬಳಿಕ, ಕಾಯಿಲೆಯಿಂದ ಮಲಗಿದ್ದ ತಂದೆ ಒಂದು ಸಂಜೆ ನನ್ನನ್ನು ಹತ್ತಿರ ಕರೆದು ಹೇಳಿದರು: "ಅಂದು ನಾನು ಒಂದು ದಿನ ಅಂಗಡಿ ಮುಚ್ಚಿ ಅವಳ ಜೊತೆ ಹೋಗಿದ್ದರೆ ಸಾಕಿತ್ತು."

ಒಂದು ದಿನ ಅಂಗಡಿ ಮುಚ್ಚುವುದು. ಬಂಧುಗಳೇ, ಕೆಲವೊಮ್ಮೆ ಒಂದು ಮಗುವಿನ ಭವಿಷ್ಯದ ಬೆಲೆ ಇಷ್ಟೇ ಇರುತ್ತದೆ. ಒಂದೇ ಮನೆಯ ಇಬ್ಬರು ಮಕ್ಕಳು. ತಪ್ಪಿದವನಿಗೆ ನಾಲ್ಕನೆಯ ವಾಕ್ಯದಿಂದ ಆರಂಭಿಸುವ ಅವಕಾಶ ಸಿಕ್ಕಿತು. ಗೆದ್ದವಳಿಗೆ ಮುಂದಿನ ಮೆಟ್ಟಿಲು ಹತ್ತುವ ಅವಕಾಶವೂ ಸಿಗಲಿಲ್ಲ. ನಮ್ಮಿಬ್ಬರಲ್ಲಿ ಪ್ರತಿಭೆಯ ವ್ಯತ್ಯಾಸವಿದ್ದಿದ್ದರೆ ಅದು ಅವಳ ಪರವಾಗಿತ್ತು.

ಈಗ ಪೋಷಕರ ಆಕ್ಷೇಪಗಳಿಗೆ ಬರೋಣ. ಪ್ರತಿಭಾ ಕಾರಂಜಿ ಎಂದೊಡನೆ ಕೆಲವರ ಮನಸ್ಸಿಗೆ ಬರುವುದು ಕುಣಿತ ಮಾತ್ರ. ವಾಸ್ತವ ಹಾಗಿಲ್ಲ. ಕಂಠಪಾಠ, ಕಥೆ ಹೇಳುವುದು, ಚಿತ್ರಕಲೆ, ಮಣ್ಣಿನ ಮಾದರಿ, ಆಶುಭಾಷಣ, ಚರ್ಚೆ, ಪ್ರಬಂಧ, ರಸಪ್ರಶ್ನೆ, ಕವನ ವಾಚನ ಮೊದಲಾದವು ಅದರಲ್ಲಿ ಸೇರಿಕೊಂಡು ಬಂದಿವೆ. ಸಂಸ್ಕೃತದ ಜೊತೆ ಅರಬಿಯ ಧಾರ್ಮಿಕ ಪಠಣವಿದೆ. ಗಝಲ್ ಇದೆ, ಕವ್ವಾಲಿ ಇದೆ. ನಿಮ್ಮ ಮನೆಗೆ ಒಗ್ಗದ ಸ್ಪರ್ಧೆ ಒಂದೆರಡಿದ್ದರೆ, ಒಗ್ಗುವಂಥವು ಹತ್ತಾರಿವೆ. ಪಟ್ಟಿಯನ್ನು ಓದದೆಯೇ ಬಾಗಿಲು ಮುಚ್ಚುವುದು ಜಾಣತನವಲ್ಲ. ಶಾಲಾ ಹಂತದಲ್ಲಿ ಗೆದ್ದ ಮಗು ಕ್ಲಸ್ಟರ್, ತಾಲೂಕು, ಜಿಲ್ಲೆ ಎಂದು ರಾಜ್ಯದವರೆಗೂ ಹೋಗಬಹುದು. ಸಣ್ಣ ಪಟ್ಟಣದ ಕೂಲಿಕಾರನ ಮಗುವಿಗೆ ರಾಜ್ಯಮಟ್ಟದ ವೇದಿಕೆಗೆ ಇಷ್ಟು ನೇರವಾದ ದಾರಿ ಬೇರೆ ಎಲ್ಲಿದೆ?

ಅಂಕಗಳು ಕಡಿಮೆಯಾಗುತ್ತವೆ ಎಂಬುದು ಎರಡನೆಯ ಆಕ್ಷೇಪ. ಕಬಡ್ಡಿ ಅಭ್ಯಾಸ ಮುಗಿಸಿ ಬಂದ ಹುಡುಗ ದಣಿದು ಮಲಗುತ್ತಾನೆ, ಮನೆಗೆಲಸ ಬಾಕಿಯಾಗುತ್ತದೆ ಎಂಬುದು ಸುಳ್ಳಲ್ಲ. ಆದರೆ ಇದಕ್ಕಿಂತ ಹೆಚ್ಚು ಪಾಠ ತಪ್ಪುವುದು ಎಲ್ಲಿ? ರಜೆ ಮುಗಿದು ಶಾಲೆ ತೆರೆದ ಮೇಲೂ ನೆಂಟರ ಮನೆಯಲ್ಲಿ ಉಳಿಯುವುದು, ನವೆಂಬರ್ ಡಿಸೆಂಬರಿನ ಮದುವೆಗಳಿಗೆ ಮೂರು ನಾಲ್ಕು ದಿನ ಮಕ್ಕಳನ್ನು ಕರೆದೊಯ್ಯುವುದು, ರಾತ್ರಿ ಹನ್ನೊಂದರವರೆಗೆ ಮೊಬೈಲ್ ಕೊಡುವುದು, ಇವುಗಳ ಲೆಕ್ಕವನ್ನು ನಾವೆಂದಾದರೂ ಹಾಕಿದ್ದೇವೆಯೇ? ಶಾಲೆಯ ಒಂದು ದಿನದ ಕ್ರೀಡಾಕೂಟ ನಮ್ಮ ಕಣ್ಣಿಗೆ ಬೀಳುತ್ತದೆ. ನಾವೇ ತಪ್ಪಿಸಿದ ಐದು ದಿನಗಳು ಕಣ್ಣಿಗೆ ಬೀಳುವುದಿಲ್ಲ.

ಮೂರನೆಯದು ಹೆಣ್ಣುಮಕ್ಕಳ ಸುರಕ್ಷೆಯ ಚಿಂತೆ. ಇದು ನ್ಯಾಯವಾದುದು. ಆದರೆ ಚಿಂತೆಗೆ ಪರಿಹಾರ ಹುಡುಕಬೇಕೇ ಹೊರತು ಅದರ ಹೆಸರಿನಲ್ಲಿ ಅವಕಾಶವನ್ನು ಹೂಳಬಾರದು. ಇಲ್ಲಿ ಶಾಲೆಯವರಿಗೂ ನನ್ನದೊಂದು ವಿನಂತಿಯಿದೆ. ಹೊರ ಊರಿಗೆ ಕರೆದೊಯ್ಯುವಾಗ ಅಧ್ಯಾಪಕಿಯೊಬ್ಬರು ಜೊತೆಗಿರಲಿ. ಕತ್ತಲಾಗುವ ಮುನ್ನ ಮಕ್ಕಳು ಮರಳುವಂತಾಗಲಿ. ಯಾರು, ಎಲ್ಲಿಗೆ, ಎಷ್ಟು ಗಂಟೆಗೆ ಎಂಬುದನ್ನು ಚೀಟಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಸಹಿಯಾಗದೆ ಚೀಟಿ ಉಳಿದರೆ, ಆ ಮನೆಗೆ ಒಮ್ಮೆ ಫೋನ್ ಮಾಡಿ.

ಇನ್ನೂ ಎರಡು ಮಾತುಗಳನ್ನು ಶಾಲೆಯವರು ಬೇಸರಿಸದೆ ಕೇಳಬೇಕು. ವರ್ಷವರ್ಷವೂ ಅದೇ ನಾಲ್ಕು ಮಕ್ಕಳು ವೇದಿಕೆ ಹತ್ತುವುದು, ಉಳಿದ ನಾಲ್ಕು ನೂರು ಮಕ್ಕಳು ನೆಲದಲ್ಲಿ ಕುಳಿತು ಚಪ್ಪಾಳೆ ತಟ್ಟುವುದು ಸರಿಯಲ್ಲ. ನಿರರ್ಗಳವಾಗಿ ಮಾತನಾಡಬಲ್ಲವನಿಗೆ ವೇದಿಕೆಯ ಅಗತ್ಯ ಅಷ್ಟಿಲ್ಲ, ತೊದಲುವವನಿಗೆ ಇದೆ. ಹಾಗೆಯೇ ವಾರ್ಷಿಕೋತ್ಸವದ ಉಡುಪಿನ ಬಾಡಿಗೆಗೆಂದು ಹಣ ಕೇಳಿದಾಗ, ಕೊಡಲಾಗದ ಮಗು ಹೊಟ್ಟೆನೋವೆಂದು ಹೇಳಿ ಮನೆಯಲ್ಲಿ ಉಳಿಯುತ್ತದೆ. ಅದು ಯಾವ ಹೊಟ್ಟೆನೋವೆಂದು ನಮ್ಮೆಲ್ಲರಿಗೂ ತಿಳಿದಿದೆ. ಸಮವಸ್ತ್ರದಲ್ಲೇ ನಿಂತು ಆಡಬಹುದಾದ ನಾಟಕಗಳು ಬೇಕಾದಷ್ಟಿವೆ.

ಈ ಅವಧಿಯಲ್ಲೇ ಬರುವ ಎರಡು ದಿನಗಳ ಬಗ್ಗೆ ಹೇಳಿ ಮುಗಿಸುತ್ತೇನೆ.

ನವೆಂಬರ್ 1, ಕನ್ನಡ ರಾಜ್ಯೋತ್ಸವ. ಮನೆಯಲ್ಲಿ ಉರ್ದು, ಬ್ಯಾರಿ ಇಲ್ಲವೇ ಮಲಯಾಳ ಮಾತನಾಡುವ ನಮ್ಮ ಮಕ್ಕಳು ಅಂದು ಕನ್ನಡದಲ್ಲಿ ಹಾಡುತ್ತಾರೆ, ಮಾತನಾಡುತ್ತಾರೆ. ನಾಡಿನಾದ್ಯಂತ ಅಂದು ಮೊಳಗುವ 'ನಿತ್ಯೋತ್ಸವ'ವನ್ನು ಬರೆದವರು ಕೆ.ಎಸ್. ನಿಸಾರ್ ಅಹಮದ್. ಅವರು ಕಾಲೇಜಿನಲ್ಲಿ ಕಲಿಸಿದ್ದು ಕನ್ನಡವನ್ನಲ್ಲ, ಭೂವಿಜ್ಞಾನವನ್ನು. 2006ರಲ್ಲಿ ಶಿವಮೊಗ್ಗದಲ್ಲಿ ಜರಗಿದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ವಿಜ್ಞಾನ ಓದುವವನಿಗೆ ಕವಿತೆಯ ಗೊಡವೆ ಏಕೆ ಎಂದು ಯಾರಾದರೂ ಅವರನ್ನು ತಡೆದಿದ್ದರೆ, ನಷ್ಟವಾಗುತ್ತಿದ್ದುದು ಯಾರಿಗೆ?

ನವೆಂಬರ್ 11, ರಾಷ್ಟ್ರೀಯ ಶಿಕ್ಷಣ ದಿನ. ಸ್ವತಂತ್ರ ಭಾರತದ ಪ್ರಥಮ ಶಿಕ್ಷಣ ಸಚಿವ ಮೌಲಾನಾ ಅಬುಲ್ ಕಲಾಂ ಆಝಾದ್ 1888ರ ಆ ದಿನ ಜನಿಸಿದರು. 2008ರಿಂದ ಅದನ್ನು ಶಿಕ್ಷಣ ದಿನವಾಗಿ ಆಚರಿಸಲಾಗುತ್ತಿದೆ. ಆಝಾದರು ಆಧುನಿಕ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮನೆಯಲ್ಲೇ ಅರಬಿ, ಫಾರ್ಸಿ ಮತ್ತು ಧಾರ್ಮಿಕ ವಿದ್ಯೆಗಳನ್ನು ಕಲಿತವರು. ಅವರ ಅಧಿಕಾರಾವಧಿಯಲ್ಲಿ 1951ರಲ್ಲಿ ಖರಗ್‌ಪುರದ ಐಐಟಿ ಆರಂಭವಾಯಿತು. 1953ರಲ್ಲಿ ಸಂಗೀತ ನಾಟಕ ಅಕಾಡೆಮಿ, 1954ರಲ್ಲಿ ಸಾಹಿತ್ಯ ಅಕಾಡೆಮಿ ಮತ್ತು ಲಲಿತ ಕಲಾ ಅಕಾಡೆಮಿಗಳು ಅಸ್ತಿತ್ವಕ್ಕೆ ಬಂದವು. ತಾಂತ್ರಿಕ ಶಿಕ್ಷಣಕ್ಕೆ ತಳಪಾಯ ಹಾಕಿದ ಅದೇ ಕಾಲದಲ್ಲಿ ಸಾಹಿತ್ಯಕ್ಕೂ ಚಿತ್ರಕ್ಕೂ ನಾಟಕಕ್ಕೂ ಮನೆ ಕಟ್ಟಲಾಯಿತು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ಅವರು ದೇಶಕ್ಕೆ ಹೇಳಲಿಲ್ಲ. ನಾವೇಕೆ ನಮ್ಮ ಮಕ್ಕಳಿಗೆ ಹಾಗೆ ಹೇಳಬೇಕು?

ಪೋಷಕರೇ, ನಿಮ್ಮಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಡಿಸೆಂಬರ್‌ವರೆಗೆ ನಿಮ್ಮ ಮಗು ಯಾವುದಾದರೂ ಒಂದು ಚಟುವಟಿಕೆಯಲ್ಲಿ ಭಾಗವಹಿಸಲಿ. ಆ ದಿನ ತಂದೆ ತಾಯಿಗಳಲ್ಲಿ ಒಬ್ಬರಾದರೂ ಬಂದು, ನಿಮ್ಮ ಮಗುವಿನ ಸರದಿ ಮುಗಿದೊಡನೆ ಎದ್ದು ಹೋಗದೆ, ಕೊನೆಯವರೆಗೆ ಕುಳಿತುಕೊಳ್ಳಿ. ಸೋತು ಮನೆಗೆ ಬಂದ ಮಗುವಿಗೆ ನಾಲ್ಕನೆಯ ವಾಕ್ಯದಿಂದ ಆರಂಭಿಸು ಎಂದು ಹೇಳಿ.

ಇಂದು ನಿಮ್ಮ ಮಕ್ಕಳ ಚೀಲದಲ್ಲಿ ಒಂದು ಚೀಟಿ ಬರುತ್ತದೆ ಎಂದು ಮುಖ್ಯೋಪಾಧ್ಯಾಯರು ನನಗೆ ತಿಳಿಸಿದ್ದಾರೆ. ದಯವಿಟ್ಟು ಅದನ್ನು ಲೆಕ್ಕದ ಪುಸ್ತಕದೊಳಗೆ ಇಡಬೇಡಿ. ನನ್ನ ತಂದೆ ಈಗಿಲ್ಲ. ಅವರ ಮರಣಾನಂತರ ಅಂಗಡಿಯ ಹಳೆಯ ಪುಸ್ತಕಗಳನ್ನು ತೆರವುಗೊಳಿಸುವಾಗ ತಂಗಿಯ ಆ ಚೀಟಿ ನನ್ನ ಕೈಗೆ ಸಿಕ್ಕಿತು. ಸಹಿ ಹಾಕುವ ಜಾಗ ಖಾಲಿಯಾಗಿಯೇ ಇತ್ತು.