ಮೊಸಳೆ ಏಕೆ ಬಾಯಿ ತೆರೆದಿದೆ?

ಡಿಸೆಂಬರ್ ಬಂತೆಂದರೆ ನಮ್ಮ ಹೆದ್ದಾರಿಗಳ ತುಂಬ ಶಾಲಾ ಪ್ರವಾಸದ ಬಸ್ಸುಗಳು. ಒಂದೇ ದಿನದಲ್ಲಿ ಶ್ರೀರಂಗಪಟ್ಟಣ, ರಂಗನತಿಟ್ಟು, ಮೈಸೂರಿನ ಅರಮನೆ, ಮೃಗಾಲಯ, ಕತ್ತಲಾಗುವ ಹೊತ್ತಿಗೆ ಬೃಂದಾವನದ ಕಾರಂಜಿ. ಈ ಓಟದಲ್ಲಿ ರಂಗನತಿಟ್ಟಿನ ಪಾಲಿಗೆ ಉಳಿಯುವುದು ಅಲ್ಪ ಸಮಯ. ಅಷ್ಟರಲ್ಲೇ ಸಾಲು ನಿಲ್ಲಿಸಬೇಕು, ತಲೆ ಎಣಿಸಬೇಕು, ದೋಣಿ ಹತ್ತಿಸಿ ಇಳಿಸಬೇಕು. ಅಲ್ಲಿ ಮಕ್ಕಳ ಪಕ್ಕದಲ್ಲಿ ನಿಂತು ಹಕ್ಕಿ, ಮರ, ನೀರನ್ನು ಪರಿಚಯಿಸುವ ವ್ಯಕ್ತಿಯನ್ನು ನಾವು ಗೈಡ್ ಎಂದು ಕರೆದು, ಬಸ್ಸು ಹೊರಟೊಡನೆ ಮರೆತುಬಿಡುತ್ತೇವೆ. ಕೇಳುಗರೇ, ಅವರೂ ಶಿಕ್ಷಕರು. ಶಿಕ್ಷಕರಿಗೆ ಬೇಕಾದ ಸಮಯ, ತರಬೇತಿ, ಸಣ್ಣ ಗುಂಪು ಅವರಿಗೂ ಸಿಗಬೇಕು. ಇಲ್ಲವಾದರೆ ಎಷ್ಟು ದೂರ ಕರೆದೊಯ್ದರೂ ಮಕ್ಕಳು ಕಲಿಯುವುದು ಅಷ್ಟರಲ್ಲೇ ಇದೆ.

ರಂಗನತಿಟ್ಟು 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ ಪಕ್ಷಿಧಾಮವಾಯಿತು, 2022ರಲ್ಲಿ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಇದನ್ನೆಲ್ಲ ಮಕ್ಕಳಿಗೆ ಹೇಳಬಹುದು, ಅವರು ಬರೆದುಕೊಂಡೂ ಹೋಗುತ್ತಾರೆ. ಆದರೆ ದೋಣಿಯಲ್ಲಿ ಕೂತ ಮಗುವಿನ ಕಣ್ಣು ಬೀಳುವುದು ಬಂಡೆಯ ಮೇಲೆ ಬಾಯಿ ತೆರೆದುಕೊಂಡೇ ಮಲಗಿದ ಮೊಸಳೆಯ ಮೇಲೆ. ‘ಅದಕ್ಕೆ ಹಸಿವಾಗಿದೆಯಾ?’ ಎಂದು ಮಗು ಕೇಳುತ್ತದೆ. ಉತ್ತರ ಒಂದೆರಡು ಮಾತಿನದು: ಮೊಸಳೆಗೆ ನಮ್ಮಂತೆ ಬೆವರಲು ಬರುವುದಿಲ್ಲ, ಬಾಯೊಳಗಿನ ತೇವ ಆರುವಾಗ ತಲೆಯ ಬಿಸಿ ಇಳಿಯುತ್ತದೆ. ಇಷ್ಟು ಹೇಳಿ ದೋಣಿ ಮುಂದೆ ಸಾಗಿದರೆ ಮಗುವಿಗೆ ಸಿಕ್ಕಿದ್ದು ಇನ್ನೊಂದು ಮಾಹಿತಿ ಮಾತ್ರ. ಪಳಗಿದ ನಿಸರ್ಗ ಶಿಕ್ಷಕ ಹಾಗೆ ಮಾಡುವುದಿಲ್ಲ. ‘ಆ ಕಡೆ ನೆರಳಲ್ಲಿ ಮಲಗಿರುವುದನ್ನೂ ನೋಡು, ಅದರ ಬಾಯಿ ಹೇಗಿದೆ? ಈಗಷ್ಟೇ ನೀರಿನಿಂದ ಮೇಲೆ ಬಂದಿರುವುದರ ಬಾಯಿ?’ ಎಂದು ತಿರುಗಿ ಕೇಳುತ್ತಾರೆ. ಮಕ್ಕಳು ಒಂದನ್ನೊಂದು ಹೋಲಿಸುತ್ತಾರೆ, ತಮ್ಮತಮ್ಮಲ್ಲೇ ವಾದಿಸುತ್ತಾರೆ, ಬಿಸಿಲಿಗೂ ಬಾಯಿಗೂ ಏನೋ ನಂಟಿದೆ ಎಂಬಲ್ಲಿಗೆ ತಾವಾಗಿ ಬರುತ್ತಾರೆ. ವಿಜ್ಞಾನವೆಂದರೆ ಇದೇ ಅಲ್ಲವೇ? ಆದರೆ ಇದಕ್ಕೆ ದೋಣಿಯನ್ನು ಹತ್ತು ನಿಮಿಷ ಒಂದೇ ಕಡೆ ನಿಲ್ಲಿಸಬೇಕು. ಕಾಯುವ ಸಾಲು ಬೆಳೆಯುತ್ತಿರುವಾಗ ಆ ಹತ್ತು ನಿಮಿಷವನ್ನು ಕೊಡುವವರು ಯಾರು?

ಗಡಿಬಿಡಿಯಲ್ಲಿ ಕಲಿಕೆ ಏಕೆ ಕೈಗೂಡುವುದಿಲ್ಲ ಎಂಬುದಕ್ಕೆ ಪುರಾವೆ ಇದೆ. ಅಮೆರಿಕದ ಜಾನ್ ಫಾಕ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರಗಿಡಗಳ ನಡುವೆ ಒಂದೇ ಪಾಠವನ್ನು ಎರಡು ಬಗೆಯ ಮಕ್ಕಳಿಗೆ ಕಲಿಸಲಾಯಿತು. ಅಂಥ ಜಾಗದ ಪರಿಚಯವಿದ್ದವರು ಪಾಠವನ್ನು ಕಲಿತರು. ಪರಿಚಯವಿಲ್ಲದವರ ಗಮನ ಆ ಹೊಸ ಜಾಗಕ್ಕೆ ಹೊಂದಿಕೊಳ್ಳುವುದರಲ್ಲೇ ಹೋಯಿತು, ಕಲಿತದ್ದು ಕಡಿಮೆಯಾಯಿತು. ಇದು ಮಕ್ಕಳ ತಪ್ಪಲ್ಲ. ಶೌಚಾಲಯ ಎಲ್ಲಿದೆ, ಊಟ ಎಷ್ಟು ಹೊತ್ತಿಗೆ, ಪೊದೆಯಲ್ಲಿ ಹಾವಿದೆಯೇ ಎಂಬ ಚಿಂತೆ ತೀರದೆ ಹಕ್ಕಿಯ ಕೊಕ್ಕು ಯಾರ ಕಣ್ಣಿಗೆ ಕಂಡೀತು? ಆದ್ದರಿಂದ ಬಲ್ಲ ಶಿಕ್ಷಕರು ಮೊದಲ ಅರ್ಧ ಗಂಟೆಯನ್ನು ಪಾಠಕ್ಕೆ ಬಳಸುವುದೇ ಇಲ್ಲ. ನೀರು ಎಲ್ಲಿ, ಹೆದರಬೇಕಾದದ್ದು ಯಾವುದು, ಹೆದರಬೇಕಿಲ್ಲದ್ದು ಯಾವುದು ಎಂದು ತಿಳಿಸಿ, ಮಕ್ಕಳನ್ನು ಸುಮ್ಮನೆ ಓಡಾಡಲು ಬಿಡುತ್ತಾರೆ. ದೂರದಿಂದ ನೋಡುವವರಿಗೆ ಇದು ಸಮಯ ಹಾಳು ಮಾಡಿದಂತೆ ಕಾಣುತ್ತದೆ. ಮುಂದಿನ ಪಾಠಕ್ಕೆಲ್ಲ ಅದೇ ಬುನಾದಿ.

ಇಷ್ಟೆಲ್ಲ ಏಕೆ, ಮೊಬೈಲಿನಲ್ಲಿ ಮೊಸಳೆ ಇನ್ನೂ ಹತ್ತಿರದಿಂದ ಕಾಣುವುದಿಲ್ಲವೇ ಎನ್ನುವವರಿದ್ದಾರೆ. ಕಾಣುತ್ತದೆ, ನಿಜ. ಆದರೆ ವಿಡಿಯೊ ಮಾಡುವವರು ಕಾಯುವ ಹೊತ್ತನ್ನು ಕತ್ತರಿಸಿ ತೆಗೆದಿರುತ್ತಾರೆ. ಕಾಯುವುದರಲ್ಲಿ ಏನಿದೆ ಎಂಬುದಕ್ಕೆ ಒಂದು ಉದಾಹರಣೆ: ಮರದ ಬುಡದ ಒಣ ಪುಡಿಮಣ್ಣಿನಲ್ಲಿ ಆಲಿಕೆಯಂಥ ಪುಟ್ಟ ಗುಂಡಿಗಳಿರುತ್ತವೆ. ಬೆಂಗಳೂರಿನ ಶಾಲೆಯ ಅಂಗಳದಲ್ಲೂ ಹುಡುಕಿದರೆ ಸಿಗಬಹುದು. ಗುಂಡಿಯ ತಳದಲ್ಲಿ ಒಂದು ಹುಳ ಮೈಯೆಲ್ಲ ಹೂತುಕೊಂಡು, ದವಡೆಯನ್ನಷ್ಟೇ ಹೊರಗಿಟ್ಟು ಕೂತಿರುತ್ತದೆ. ಅಂಚಿಗೆ ಬಂದ ಇರುವೆ ಜಾರುತ್ತದೆ, ಮೇಲೆ ಹತ್ತಲು ಒದ್ದಾಡುತ್ತದೆ. ಹುಳ ಕೆಳಗಿನಿಂದ ತಲೆಯಲ್ಲೇ ಮಣ್ಣು ಚಿಮ್ಮಿ ಅದನ್ನು ಮತ್ತೆ ಬೀಳಿಸುತ್ತದೆ. ಮಣ್ಣಿನ ಇನ್ನೊಂದು ಕಣ ಬಿದ್ದರೂ ಕುಸಿಯುವಷ್ಟು ಕಡಿದಾಗಿ ಆ ಇಳಿಜಾರನ್ನು ಹುಳ ಕಟ್ಟಿರುತ್ತದೆ. ಇರುವೆ ಬರುವವರೆಗೆ ಅಲ್ಲಿ ಏನೂ ನಡೆಯುವುದಿಲ್ಲ. ಏನೂ ನಡೆಯದ ಆ ಕಾಲು ಗಂಟೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತ ಮಗುವಿಗೆ ನೂರು ಪ್ರಶ್ನೆ ಹುಟ್ಟುತ್ತವೆ. ಅವು ಹುಟ್ಟುವವರೆಗೆ ಬಾಯಿ ಮುಚ್ಚಿಕೊಂಡಿರುವುದು ಶಿಕ್ಷಕನ ಕಸುಬಿನ ಕಷ್ಟದ ಭಾಗ, ಅದನ್ನು ಕಲಿಯಲು ತರಬೇತಿ ಬೇಕೇ ಬೇಕು.

ಹಳ್ಳಿಯ ಮಕ್ಕಳಿಗೆ ಇದೆಲ್ಲ ಗೊತ್ತೇ ಇದೆಯಲ್ಲ ಎಂಬುದು ಇನ್ನೊಂದು ಆಕ್ಷೇಪ. ಹಲವರಿಗೆ ಗೊತ್ತಿದೆ, ಹಾಗಾಗಿಯೇ ಅವರಿಗೆ ಇದು ಹೆಚ್ಚು ಬೇಕು. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ದಡ್ಡ ಎನಿಸಿಕೊಂಡ ಹುಡುಗನಿಗೆ ಈ ಗುಂಡಿಯ ಹುಳ ಹಿಂದೆಹಿಂದೆಯೇ ನಡೆಯುತ್ತದೆ ಎಂಬುದು ತಿಳಿದಿರುತ್ತದೆ. ಅವನ ತಿಳಿವಳಿಕೆಗೆ ಶಾಲೆಯಲ್ಲಿ ಅಂಕವಿಲ್ಲ. ಹೊರಗೆ, ಕೇಳುವ ಕಿವಿಯಿರುವ ಶಿಕ್ಷಕರೆದುರು, ಉಳಿದವರಿಗೆ ಹೇಳಿಕೊಡುವವನು ಅವನೇ.

ಪರಿಸರವನ್ನು ಕಡ್ಡಾಯ ಪಾಠವಾಗಿಸಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತು. ಪುಸ್ತಕ ಬಂತು, ಪರೀಕ್ಷೆಯೂ ಬಂತು, ಹೊರಗಿನ ಪಾಠ ಮಾತ್ರ ಹಿಂದುಳಿಯಿತು. ಹೊರಗೆ ಕರೆದೊಯ್ಯಲು ಖರ್ಚು, ಸುರಕ್ಷತೆ, ಪಠ್ಯ ಮುಗಿಸುವ ಅವಸರ ಅಡ್ಡಿ ಎಂದು ಮುಖ್ಯೋಪಾಧ್ಯಾಯರು ಹೇಳುವುದು ನೆಪವಲ್ಲ, ಅವರ ಭಾರ ದೊಡ್ಡದು. ಆದರೆ ಅವಘಡದ ಭಯ ಹೆಚ್ಚುವುದು ನೂರಾರು ಮಕ್ಕಳನ್ನು ಒಟ್ಟಿಗೆ ಐದು ಜಾಗ ಸುತ್ತಿಸುವಾಗಲೇ. ಫಾಕ್ ಅವರ ಅಧ್ಯಯನ ಇನ್ನೊಂದು ದಾರಿಯನ್ನೂ ತೋರಿಸುತ್ತದೆ: ಪರಿಚಿತ ಜಾಗದಲ್ಲಿ ಕಲಿಕೆ ಹೆಚ್ಚು. ಹಾಗಿದ್ದರೆ ನಡೆದು ಹೋಗುವಷ್ಟು ಹತ್ತಿರದ ಕೆರೆಗೆ ಒಂದು ತರಗತಿಯನ್ನು ಜುಲೈಯಲ್ಲಿ, ನವೆಂಬರಿನಲ್ಲಿ, ಮತ್ತೆ ಫೆಬ್ರುವರಿಯಲ್ಲಿ ಕರೆದೊಯ್ಯಬಹುದು. ನಿಸರ್ಗ ಶಿಕ್ಷಕರನ್ನು ಅಲ್ಲಿಗೇ ಕರೆಸಿಕೊಂಡು, ಬಸ್ಸಿನ ಬಾಡಿಗೆಯಲ್ಲಿ ಉಳಿದದ್ದನ್ನು ಅವರ ಸಂಬಳಕ್ಕೆ ಕೊಡಬಹುದು. ಪ್ರವಾಸದ ಕಾಲದಲ್ಲೇ ಹೆಚ್ಚು ಮಕ್ಕಳು ಸಿಗುವ ಅವರಿಗೆ ಆಗ ವರ್ಷವಿಡೀ ಮಕ್ಕಳಿರುತ್ತಾರೆ.