ಫಾರ್ವರ್ಡ್ ಮಾಡುವ ಬೆರಳಿಗೂ ಪಾಠ ಬೇಕು

(ಪ್ರೌಢಶಾಲಾ ಶಿಕ್ಷಕರು ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಎಂಬ ಗ್ರಾಮದಲ್ಲಿ ಗುಂಪೊಂದು ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ಅವರು ಮತ್ತು ಅವರ ಸಂಗಡಿಗರು ಆ ಭಾಗಕ್ಕೆ ಬಂದದ್ದು ಅತಿಥಿಗಳಾಗಿ. ಅವರ ಪೈಕಿ ಒಬ್ಬರು ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಇವರು ಮಕ್ಕಳ ಕಳ್ಳರು ಎಂಬ ವದಂತಿ ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿ, ಅವರ ಕಾರಿಗಿಂತ ಮೊದಲೇ ಮುಂದಿನ ಊರನ್ನು ತಲುಪಿತು. ರಕ್ಷಣೆಗೆ ಧಾವಿಸಿದ ಪೊಲೀಸರೂ ಗಾಯಗೊಂಡರು.

ಇಲ್ಲಿ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಸಂದೇಶವನ್ನು ಓದಿ ಇತರರಿಗೆ ಕಳುಹಿಸಬಲ್ಲವನು ಅನಕ್ಷರಸ್ಥನಲ್ಲ. ನಾವು ಮಕ್ಕಳಿಗೆ ಓದಲು ಕಲಿಸಿದೆವು. ಆದರೆ ಓದಿದ್ದನ್ನು ತೂಗಿ ನೋಡಲು ಕಲಿಸಿದೆವೆಯೇ?

ಅದೇ ವರ್ಷ ದೇಶದಾದ್ಯಂತ ಒಂದು ವೀಡಿಯೋ ಹರಿದಾಡಿತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯವದು. ವಾಸ್ತವದಲ್ಲಿ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತಯಾರಿಸಲಾದ ಜಾಗೃತಿ ಚಿತ್ರ. ಮೂಲ ಚಿತ್ರದಲ್ಲಿ ಅವರು ಮಗುವನ್ನು ಮರಳಿ ತಂದು ಬಿಟ್ಟು, ಎಚ್ಚರಿಕೆಯ ಫಲಕವನ್ನು ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದರು. ಒಳಿತಿಗಾಗಿ ಮಾಡಿದ ಚಿತ್ರ, ಕೊನೆಯಿಲ್ಲದೆ ಕೊಲೆಗೆ ಪ್ರಚೋದನೆಯಾಯಿತು. ಪ್ರೌಢಶಾಲೆಯ ತರಗತಿಗೆ ಇದಕ್ಕಿಂತ ಉತ್ತಮ ಪಾಠ ಯಾವುದಿದೆ? ಅರ್ಧ ಚಿತ್ರದ ಕಥೆಯನ್ನು ಹೇಳಿ, 'ಇದರ ಹಿಂದೆ ಮತ್ತು ಮುಂದೆ ಏನಿರಬಹುದು?' ಎಂದು ಮಕ್ಕಳನ್ನೇ ಕೇಳಿರಿ.

ಇದು ಅಸಾಧ್ಯವಾದ ಕಾರ್ಯವೇನೂ ಅಲ್ಲ. ನೆರೆಯ ಕೇರಳದ ಕಣ್ಣೂರಿನಲ್ಲಿ 2017ರ ದಡಾರ-ರುಬೆಲ್ಲಾ ಲಸಿಕಾ ಅಭಿಯಾನದ ವೇಳೆ ಸುಳ್ಳು ಸಂದೇಶಗಳಿಂದಾಗಿ ಪೋಷಕರು ಹಿಂಜರಿದರು. 2018ರಲ್ಲಿ ಅಲ್ಲಿನ ಜಿಲ್ಲಾಡಳಿತವು 'ಸತ್ಯಮೇವ ಜಯತೇ' ಎಂಬ ಹೆಸರಿನಲ್ಲಿ ಸುಮಾರು 150 ಸರಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿಯನ್ನು ಗುರುತಿಸುವ ತರಗತಿಗಳನ್ನು ಆರಂಭಿಸಿತು. ವಾಟ್ಸ್‌ಆ್ಯಪ್ ಕೂಡ 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಚಾಟ್‌ಗಳಿಗೆ ಮಾತ್ರ ರವಾನಿಸುವಂತೆ ಮಿತಿ ಹೇರಿತು. ಆದರೆ ಯಂತ್ರದ ಮಿತಿ ವೇಗವನ್ನು ತಗ್ಗಿಸಬಹುದೇ ಹೊರತು ವಿವೇಕವನ್ನು ಕೊಡಲಾರದು.

ಮಕ್ಕಳ ಕೈಯಿಂದ ಮೊಬೈಲನ್ನು ಕಿತ್ತುಕೊಂಡರೆ ಸಾಕು ಎನ್ನುವವರಿದ್ದಾರೆ. 2020ರ ಲಾಕ್‌ಡೌನ್ ಕಾಲದಲ್ಲಿ ಪಾಠದ ಹೆಸರಿನಲ್ಲಿ ಅದನ್ನು ಅವರ ಕೈಗಿತ್ತವರು ನಾವೇ ಅಲ್ಲವೇ? ಈಜು ಬಾರದವನನ್ನು ಹೊಳೆಯಿಂದ ಎಷ್ಟು ದಿನ ದೂರವಿಡಬಹುದು? ಅವನಿಗೆ ಈಜು ಕಲಿಸುವುದೇ ಪರಿಹಾರ. ಅದರಲ್ಲೂ ಕೃತಕ ಬುದ್ಧಿಮತ್ತೆಯು ಯಾರದೇ ಮುಖವನ್ನು, ಧ್ವನಿಯನ್ನು ಸೃಷ್ಟಿಸಬಲ್ಲ ಈ ದಿನಗಳಲ್ಲಿ 'ನನ್ನ ಕಣ್ಣಾರೆ ಕಂಡೆ' ಎಂಬ ಮಾತು ಸಾಕ್ಷ್ಯವಾಗಿ ಉಳಿದಿಲ್ಲ. ಆದ್ದರಿಂದ ಮೂರು ಪ್ರಶ್ನೆಗಳನ್ನು ಮಕ್ಕಳಿಗೆ ರೂಢಿ ಮಾಡಿಸೋಣ: ಇದನ್ನು ಮೊದಲು ಹೇಳಿದವರು ಯಾರು? ಇದು ಎಂದಿನದು, ಎಲ್ಲಿಯದು? ಇದು ಸುಳ್ಳಾಗಿದ್ದರೆ ನೋಯುವವರು ಯಾರು? ಸಹಪಾಠಿಯ ಚಿತ್ರವನ್ನು ತಿರುಚಿ ನಗುವ ಹುಡುಗನಿಗೂ ಈ ಮೂರನೆಯ ಪ್ರಶ್ನೆಯೇ ಔಷಧಿ.

ಕೊನೆಯದಾಗಿ, ನನ್ನದೇ ಒಂದು ತಪ್ಪನ್ನು ಹೇಳಬೇಕು. ಒಂದು ಮಳೆಗಾಲದಲ್ಲಿ ಸೇತುವೆ ಕೊಚ್ಚಿಹೋದ ಚಿತ್ರವೊಂದನ್ನು ನಾನು ಶಾಲೆಯ ಗ್ರೂಪಿಗೆ ಕಳುಹಿಸಿದೆ. ಮರುದಿನ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಬಂದು, 'ಸರ್, ಅದು ಹಳೆಯ ಚಿತ್ರ, ನಮ್ಮ ಜಿಲ್ಲೆಯದ್ದಲ್ಲ' ಎಂದು ಮೆಲ್ಲಗೆ ಹೇಳಿದಳು. ಮೊದಲು ನನಗೆ ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಅಂದು ಸಂಜೆ ಅದೇ ಗ್ರೂಪಿನಲ್ಲಿ 'ನಾನು ಕಳುಹಿಸಿದ್ದು ತಪ್ಪು' ಎಂದು ಬರೆದೆ. ಡಿಜಿಟಲ್ ಪೌರತ್ವದ ಬಗ್ಗೆ ನಾನು ಮಾಡಿದ ಅತ್ಯುತ್ತಮ ಪಾಠ ಬಹುಶಃ ಅದುವೇ.

ಬಂಧುಗಳೇ, ವದಂತಿಗಳು ಹೆಚ್ಚಾಗಿ ಮಕ್ಕಳಿಂದಲ್ಲ, ನಮ್ಮ ಕುಟುಂಬದ ಗ್ರೂಪುಗಳಿಂದಲೇ ಮಕ್ಕಳನ್ನು ತಲುಪುತ್ತವೆ. ಹಿರಿಯರನ್ನು 'ಇದು ಎಲ್ಲಿಂದ ಬಂತು?' ಎಂದು ಕೇಳುವ ಧೈರ್ಯವನ್ನು ಮಕ್ಕಳಿಗೆ ಕೊಡೋಣ. ಆ ಪ್ರಶ್ನೆಯನ್ನು ಸಹಿಸುವ ವಿನಯವನ್ನು ನಾವು ಬೆಳೆಸಿಕೊಳ್ಳೋಣ. ಮುರ್ಕಿಗೆ ಹೋದ ಆ ಸಂದೇಶವನ್ನು ಮುಂದಕ್ಕೆ ಕಳುಹಿಸುವ ಮೊದಲು ಕೆಲವರಾದರೂ ಈ ಪ್ರಶ್ನೆಯನ್ನು ಕೇಳಿದ್ದರೆ, ಒಬ್ಬ ಅತಿಥಿ ಜೀವಂತವಾಗಿ ಮನೆಗೆ ಮರಳುತ್ತಿದ್ದನೇನೋ.