ಮದನಿಕೆಯ ಕಾಲ ಕೆಳಗಿನ ಹೆಸರು



ಬೇಲೂರು, ಹಳೇಬೀಡಿನ ಗುಡಿಗಳ ಬಗ್ಗೆ ವಿದ್ಯಾರ್ಥಿಗಳು ಮಾಡಿದ ವಿಡಿಯೊ ನೋಡಿ ನಾವು ‘ಚೆನ್ನಾಗಿದೆ’ ಎಂದು ಮುಂದೆ ಹೋಗುತ್ತೇವೆ. ಮಕ್ಕಳಿಗೆ ಖುಷಿಯಾಗುತ್ತದೆ, ಆಗಲಿ. ಆದರೆ ಯಾರಾದರೂ ಹಿರಿಯರು ನಿಂತು, ‘ಎಲ್ಲವನ್ನೂ ಜಕಣಾಚಾರಿ ಕೆತ್ತಿದ ಅಂದ್ರಲ್ಲಪ್ಪ, ಮದನಿಕೆ ಶಿಲ್ಪದ ಪೀಠದ ಮೇಲೆ ಏನು ಬರೆದಿದೆ ನೋಡಿದ್ರಾ?’ ಎಂದು ಕೇಳಿದರೆ ಆ ಪ್ರಶ್ನೆಯ ಬೆಲೆ ದೊಡ್ಡದು. ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ಬಳ್ಳಿಗಾವಿಯ ಶಿಲ್ಪಿ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕಲ್ಲಿನಲ್ಲೇ ಕೊರೆದಿಟ್ಟಿದ್ದಾರೆ. ಮದನಿಕೆಯ ಮುಖದ ಮೇಲಷ್ಟೇ ಕ್ಯಾಮೆರಾ ಇಟ್ಟರೆ ಆ ಹೆಸರುಗಳು ಸಿಗುವುದಿಲ್ಲ.

ವಿಡಿಯೊ ನೋಡಿದವರು ‘ನಮ್ಮ ಅರಸೀಕೆರೆ ಎಲ್ಲಿ?’ ಎಂದು ಕೇಳಿದರೆ ಅದೂ ನ್ಯಾಯವಾದದ್ದೇ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿ ಸೇರಿದವು. ಪಟ್ಟಿಯಲ್ಲಿಲ್ಲ ಎಂದು, ನಕ್ಷತ್ರದಾಕಾರದ ಮುಖಮಂಟಪವಿರುವ ಅರಸೀಕೆರೆಯ ಈಶ್ವರ ದೇವಾಲಯವನ್ನು ಬಿಡಬಹುದೇ?

ಬೇಲೂರಿನ ಕಪ್ಪೆ ಚೆನ್ನಿಗರಾಯನ ಐತಿಹ್ಯದಲ್ಲಿ ಶಿಲ್ಪದ ದೋಷ ತೋರಿಸಿದ ಡಂಕಣನೂ ತಂದೆ ಜಕಣಾಚಾರಿಯನ್ನು ಹುಡುಕುತ್ತಾ ಹೊರಗಿನಿಂದ ಬಂದ ಹುಡುಗನೇ. ಮಕ್ಕಳೇ, ಕೊರತೆ ಹೇಳಿದವರನ್ನೇ ಮುಂದಿನ ಚಿತ್ರೀಕರಣಕ್ಕೆ ಕರೆದುಕೊಂಡು ಹೋಗಿ. ಓರೆ ಬಿಸಿಲಿರುವಾಗ ಹೋಗಿ. ಕೊರೆದ ಗೆರೆಯಲ್ಲಿ ನೆರಳು ಬಿದ್ದು ಅಕ್ಷರ ಓದಲು ಸುಲಭವಾಗುತ್ತದೆ.